ಜಪಾನಿನ ಮರದ ಹೊಗೆಸೊಪ್ಪಿನ ಕರಡಿಗೆಗಳು

ಪ್ರಪಂಚದ ಸಣ್ಣ ಕೆತ್ತನೆಗಳಲ್ಲಿ ಜಪಾನಿನ ನೆತ್ಸುಕೆಗೆ ದೊಡ್ಡ ಹೆಸರಿದೆ. ನೆಲ್ಲಿಕಾಯಿಯಷ್ಟು ದಪ್ಪದ ಮರದ ತುಂಡಿನಲ್ಲಿ ಮಲಗಿದ ಇಲಿ, ಆಕಳಿಸುವ ಸಂನ್ಯಾಸಿ, ಸುತ್ತಿಕೊಂಡ ಹಾವು ಇವನ್ನು ರೋಮ ರೋಮವೂ ಕಾಣುವಂತೆ ಕೆತ್ತಿದ ಕುಶಲಿಗಳ ಕೀರ್ತಿ ಯೂರೋಪು ಅಮೆರಿಕಗಳ ವಸ್ತುಸಂಗ್ರಹಾಲಯಗಳಲ್ಲೆಲ್ಲ ಹರಡಿದೆ. ಆದರೆ ನೆತ್ಸುಕೆ ಎಂಬುದು ತಾನೇ ಒಂದು ಪೂರ್ಣ ವಸ್ತುವಲ್ಲ. ಬೇರೊಂದು ವಸ್ತುವನ್ನು ನಡುವಿನಿಂದ ತೂಗಹಾಕುವುದಕ್ಕೆಂದು ಮಾಡಿದ ಗುಂಡಿ ಅದು. ಗುಂಡಿಯನ್ನು ಲೋಕವೆಲ್ಲ ಬಲ್ಲುದು. ಅದಕ್ಕೆ ತೂಗುತ್ತಿದ್ದುದು ಏನು ಎಂದು ಕೇಳುವವರು ಕಡಮೆ. ಅನೇಕ ವೇಳೆ ಅದು ಹೊಗೆಸೊಪ್ಪಿನ ಕರಡಿಗೆ. ಆ ಕರಡಿಗೆಯನ್ನೂ ಅದರ ಜೊತೆಗಾರನಾದ ಕೊಳವಿಯ ಒರೆಯನ್ನೂ ಕುರಿತು ಈ ಹೊತ್ತು ಕೆಲವು ಮಾತು ಹೇಳಬೇಕೆಂದಿದ್ದೇವೆ.

ಧೂಮಪಾನವನ್ನು ಹೊಗಳುವುದು ನಮ್ಮ ಉದ್ದೇಶವಲ್ಲವೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ. ಅದರ ಕೇಡನ್ನು ವೈದ್ಯರು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಿಕೊಟ್ಟಿದ್ದಾರೆ. ಆದರೂ ನಶ್ಯದ ಚಟವಿಲ್ಲದವನು ಕೂಡ ಹಳೆಯ ಬೆಳ್ಳಿಯ ನಶ್ಯದ ಡಬ್ಬಿಯೊಂದು ಎದುರಿಗೆ ಬಂದರೆ ಕೈಗೆತ್ತಿಕೊಂಡು ತಿರುಗಿಸಿ ನೋಡುತ್ತಾನಲ್ಲವೆ? ನಮ್ಮದೂ ಅಷ್ಟೇ ಕುತೂಹಲ.

ಹೊಗೆಸೊಪ್ಪು ಅಮೆರಿಕ ಖಂಡದ ಗಿಡ. 16ನೆಯ ಶತಮಾನದ ಕಡೆಯ ಭಾಗದಲ್ಲಿ ಅದು ಪಶ್ಚಿಮದ ನಾವಿಕರ ಹಡಗುಗಳಲ್ಲಿ ಜಪಾನನ್ನು ಮುಟ್ಟಿತು. 17ನೆಯ ಶತಮಾನದ ಆದಿಯಲ್ಲಿ ಆ ದೇಶದಲ್ಲಿಯೇ ಅದರ ಬೆಳೆ ಎದ್ದಿತು. ಅಕ್ಬರನ ದೂತನಾದ ಅಸದ್ ಬೇಗನು ನಮ್ಮ ಬಿಜಾಪುರದಲ್ಲಿ ಹೊಗೆಸೊಪ್ಪನ್ನು ಕಂಡು, ಒಂದು ಸೊಗಸಾದ ಕೊಳವಿಯೊಡನೆ ಅದನ್ನು ಬಾದಷಹನಿಗೆ ಕಾಣಿಕೆಯಾಗಿ ಒಯ್ದದ್ದೂ ಹೆಚ್ಚುಕಡಮೆ ಆ ಕಾಲದಲ್ಲಿಯೇ, 1604ರ ಸುಮಾರಿನಲ್ಲಿ. ಜಪಾನಿನಲ್ಲಿ ತೊಕುಗಾವ ಷೋಗುನರ ಸರಕಾರ ಈ ಹೊಸ ಚಟವನ್ನು ಕಂಡು ಬೆದರಿತು. ಮನೆಗಳೆಲ್ಲ ಮರ ಕಾಗದಗಳವು. ಒಂದು ಕಿಡಿ ಬಿದ್ದರೆ ಪೇಟೆಗೆ ಪೇಟೆಯೇ ಹೋಗುತ್ತದೆ. ಬತ್ತ ಬೆಳೆಯಬೇಕಾದ ಗದ್ದೆಯಲ್ಲಿ ಸೊಪ್ಪು ಬೆಳೆದರೆ ಕಂದಾಯದ ಗತಿಯೇನು ಎಂಬ ಚಿಂತೆ ಬೇರೆ. 1612ರಲ್ಲಿ ನಿಷೇಧಾಜ್ಞೆ ಹೊರಟಿತು. ಆಮೇಲೂ ಮತ್ತೆ ಮತ್ತೆ ಹೊರಟಿತು. ಮತ್ತೆ ಮತ್ತೆ ಹೊರಡಿಸಬೇಕಾಗಿ ಬಂದ ಆಜ್ಞೆ ನಡೆಯುತ್ತಿರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಶತಮಾನ ಅರ್ಧ ಕಳೆಯುವುದರೊಳಗೆ ಸರಕಾರ ಸೋತಿತು, ಸೊಪ್ಪು ಗೆದ್ದಿತು. ಗಂಡಸರು ಹೆಂಗಸರು, ಪೇಟೆಯವರು ಹಳ್ಳಿಯವರು ಎಲ್ಲರ ಕೈಗೂ ಕೊಳವಿ ಬಂದಿತು.

ಈ ಕೊಳವಿಗೆ ಕಿಸೆರು ಎಂದು ಹೆಸರು. ಕಾಂಬೋಜ ದೇಶದ ಖ್ಮೇರ್ ಭಾಷೆಯಿಂದ ಬಂದ ಮಾತು ಅದೆಂದು ವಿದ್ವಾಂಸರು ಸಾಮಾನ್ಯವಾಗಿ ಹೇಳುತ್ತಾರೆ. ಅದು ಒಂದು ಗೇಣಿಗೆ ತುಸು ಕಡಮೆಯ ಉದ್ದದ ಸಣ್ಣ ಬಿದಿರ ಕಡ್ಡಿ. ಒಂದು ತುದಿಗೆ ಲೋಹದ ಪುಟ್ಟ ಬಟ್ಟಲು, ಇನ್ನೊಂದು ತುದಿಗೆ ಲೋಹದ ಬಾಯಿ. ನಡುವಣ ಬಿದಿರಿಗೆ ರಾವೊ ಎನ್ನುವರು. ಲಾವೋಸ್ ದೇಶದಿಂದ ತರಿಸುತ್ತಿದ್ದ ಬಿದಿರಿನಿಂದ ಆ ಹೆಸರು ಬಂದಿತಂತೆ. ಎರಡು ಕೊನೆಗಳಲ್ಲಿ ಲೋಹ, ನಡುವೆ ಟೊಳ್ಳು. ಇದರಿಂದ ಜಪಾನೀಯರು ಒಂದು ಚತುರೋಕ್ತಿಯನ್ನು ಮಾಡಿಕೊಂಡಿದ್ದಾರೆ. ರೈಲಿನಲ್ಲಿ ಹತ್ತುವಾಗ ಒಂದು ನಿಲ್ದಾಣದವರೆಗೆ, ಇಳಿಯುವಾಗ ಕಡೆಯ ನಿಲ್ದಾಣದಿಂದ ಈಚೆಗೆ ಮಾತ್ರ ಟಿಕೆಟ್ಟು ಇಟ್ಟುಕೊಂಡು, ನಡುವಣ ದಾರಿಗೆ ಕಾಸು ಕೊಡದೆ ಪ್ರಯಾಣ ಮಾಡುವ ಠಕ್ಕಿಗೆ ‘ಕಿಸೆರು ಸವಾರಿ’ ಎಂದು ಹೆಸರು. ಅವರ ಭಾಷೆಯಲ್ಲಿ ಲೋಹಕ್ಕೂ ಹಣಕ್ಕೂ ಒಂದೇ ಮಾತು. ಎರಡು ತುದಿಗಳಲ್ಲಿ ಹಣ, ನಡುವೆ ಏನೂ ಇಲ್ಲ.

ಕಿಸೆರುವಿನ ಬಟ್ಟಲು ಬಹಳ ಚಿಕ್ಕದು. ಸೊಪ್ಪನ್ನು ಕೂದಲೆಳೆಯಷ್ಟು ತೆಳ್ಳಗೆ ಕೊಯ್ದು, ಅದರಲ್ಲಿ ಒಂದು ಚಿಟಿಕೆಯನ್ನು ಬೆರಳ ತುದಿಯಲ್ಲಿ ಬಟಾಣಿಕಾಳಿನ ಗಾತ್ರಕ್ಕೆ ಉಂಡೆ ಮಾಡಿ ಬಟ್ಟಲಲ್ಲಿಡಬೇಕು, ಕೆಂಡಕ್ಕೆ ತಾಗಿಸಬೇಕು, ಎರಡು ಮೂರು ಸಲ ಎಳೆಯುವುದರೊಳಗೆ ಅದು ಮುಗಿದೇ ಹೋಗುತ್ತದೆ. ಬೂದಿಯನ್ನು ತಟ್ಟಿ ಕೆಡಹಿ ಮತ್ತೆ ತುಂಬಬೇಕು. ಮನೆಯಲ್ಲಿ ಇದಕ್ಕೆಲ್ಲ ಒಂದು ತಟ್ಟೆ ಇರುತ್ತಿತ್ತು. ಅದರಲ್ಲಿ ಕೆಂಡದ ಕುಡಿಕೆ, ಬೂದಿ ತಟ್ಟುವ ಬಿದಿರ ಅಂಡೆ, ಸೊಪ್ಪಿನ ಸೆಳೆಖಾನೆ. ತಬಾಕೊ-ಬೊನ್ ಎಂಬ ಈ ತಟ್ಟೆಗಳನ್ನು ಹಿಪ್ಪುನೇರಳೆಯ ಮರದಲ್ಲಿ, ಬೀಟೆಯಲ್ಲಿ ಅಚ್ಚುಕಟ್ಟಾಗಿ ಮಾಡುತ್ತಿದ್ದರು. ಅತಿಥಿ ಬಂದೊಡನೆ ಮುಂದಿಡುತ್ತಿದ್ದರು, ನಮ್ಮಲ್ಲಿ ಎಲೆಯಡಿಕೆಯ ತಟ್ಟೆಯನ್ನು ಇಡುವ ಹಾಗೆ. ಹೊಲದಲ್ಲಿ ಕೆಲಸ ಮಾಡುವವನಿಗೆ ತಟ್ಟೆಯೆಲ್ಲಿ ಬರಬೇಕು? ಅವನು ಉರಿಯುವ ಉಂಡೆಯನ್ನು ಅಂಗೈಗೋ, ನಡುವಿನಲ್ಲಿ ತೂಗುವ ಪುಟ್ಟ ಬೂದಿಬಟ್ಟಲಿಗೋ ಕೆಡಹಿ, ಕೊಳವಿಯನ್ನು ಮತ್ತೆ ತುಂಬಿ, ಆ ಕಿಡಿಯಿಂದಲೇ ಹೊತ್ತಿಸಿಕೊಳ್ಳುತ್ತಿದ್ದನು. ಕೆಲಸದ ನಡುವಣ ಬಿಡುವಿಗೆ ಜಪಾನೀಯರು ಈಗಲೂ ‘ಇಪ್ಪುಕು’ ಎನ್ನುತ್ತಾರೆ. ಒಂದು ಸಲದ ಹೊಗೆ ಎಂಬುದು ಅದರ ಅರ್ಥಗಳಲ್ಲೊಂದು.

ಹೀಗೆ ಹೆಜ್ಜೆಹೆಜ್ಜೆಗೂ ಬೇಕಾಗುವ ಈ ಸಾಮಗ್ರಿಯನ್ನು ಮನುಷ್ಯ ಎಲ್ಲಿ ಇಟ್ಟುಕೊಳ್ಳಬೇಕು? ಕೊಳವಿಯ ಹೆಸರಿನಲ್ಲಿ ನಮ್ಮ ‘ಕಿಸೆ’ ಕೇಳಿಸಿದರೂ ಜಪಾನೀಯರ ಕಿಮೊನೊ ಉಡುಪಿಗೆ ಕಿಸೆಯಿಲ್ಲ. ಎದೆಯ ಮಡಿಕೆಯಲ್ಲಿಯೂ ಅಗಲವಾದ ತೋಳಿನಲ್ಲಿಯೂ ಹಗುರವಾದದ್ದನ್ನು ಇಡಬಹುದು. ಉಳಿದುದೆಲ್ಲ ನಡುಕಟ್ಟಿನಿಂದ ತೂಗಬೇಕು. ಹೀಗೆ ತೂಗುವ ವಸ್ತುಗಳಿಗೆಲ್ಲ ಸೇರಿ ಸಗೆಮೊನೊ ಎಂದು ಹೆಸರು: ಔಷಧಿಯ ಪೆಟ್ಟಿಗೆ, ಹಣದ ಚೀಲ, ಮಸಿ ಲೇಖನಿಗಳ ಕೋಶ, ಹೊಗೆಸೊಪ್ಪಿನ ಚೀಲ. ಚೀಲ ಬಟ್ಟೆಯದಾಗಿರಬಹುದು, ತೊಗಲಿನದಾಗಿರಬಹುದು. ಗಟ್ಟಿಯಾದ ಕರಡಿಗೆಯಾದರೆ ಅದು ತೊಂಕೊತ್ಸು. ಈ ಮಾತನ್ನು ಈಗಿನ ಜಪಾನೀಯನ ಮುಂದೆ ಆಡಿದರೆ ಅವನು ಹಂದಿಯ ಎಲುಬಿನ ಸಾರನ್ನು ನೆನೆದಾನು. ಅದು ಉಚ್ಚಾರದ ಸಾಮ್ಯ ಅಷ್ಟೇ.

ಬಟ್ಟೆಯ ಚೀಲಗಳಿಗೂ ನಮ್ಮ ದೇಶಕ್ಕೂ ಒಂದು ನಿಜವಾದ ನಂಟುಂಟು. ಡಚ್ಚರು ಚೋಳಮಂಡಲ ಕರಾವಳಿಯಿಂದ ಒಯ್ಯುತ್ತಿದ್ದ ಬಣ್ಣದ ಅಚ್ಚಿನ ಹತ್ತಿಬಟ್ಟೆಗೆ ಅಲ್ಲಿ ‘ಸರಸ’ ಎಂಬ ಹೆಸರಿನಲ್ಲಿ ಬಲು ಬೆಲೆ. ಅದರ ಚೂರುಗಳನ್ನು ಕೂಡ ಬಿಸುಡದೆ ಹೊಗೆಸೊಪ್ಪಿನ ಚೀಲಗಳನ್ನು ಹೊಲಿಯುತ್ತಿದ್ದರು. ಮದರಾಸಿನ ಸಾನ್‌ಥೋಮಿನ ಹೆಸರು ಪಟ್ಟೆಬಟ್ಟೆಯೊಂದಕ್ಕೆ ‘ಸಾಂತೊಮೆ’ ಎಂದು ನಿಂತುಬಿಟ್ಟಿತು. ಮೆರುಗೆಣ್ಣೆಯ ಚುಕ್ಕೆಗಳಿಂದ ಅಲಂಕರಿಸಿದ ಜಿಂಕೆಯ ತೊಗಲಿಗೆ ಅವರು ‘ಇಂದೆನ್’ ಎನ್ನುತ್ತಾರೆ. ಅದು ಇಂಡಿಯದ ಹೆಸರಿನಿಂದ ಬಂದದ್ದೆಂದು ಪ್ರತೀತಿ.

ಮರದ ಕರಡಿಗೆಗೆ ಇವುಗಳಿಗಿಲ್ಲದ ಒಂದು ಗುಣವಿತ್ತು. ಕೂದಲೆಳೆಯಂತೆ ಕೊಯ್ದ ಸೊಪ್ಪು ಬೇಗ ಒಣಗಿ ಪುಡಿಯಾಗುತ್ತದೆ. ಬಿಗಿಯಾದ ಮುಚ್ಚಳದ ಮರದ ಕರಡಿಗೆ ಅದರ ಪಸೆಯನ್ನು ಹಿಡಿದಿಡುತ್ತದೆ, ಮಳೆಯಿಂದಲೂ ಕಾಪಾಡುತ್ತದೆ. ಆದ್ದರಿಂದಲೇ ಬಯಲಲ್ಲಿ ದುಡಿಯುವವರಿಗೆ, ಒಕ್ಕಲಿಗರಿಗೆ, ಬೆಸ್ತರಿಗೆ, ಬೇಟೆಗಾರರಿಗೆ ಇದು ಮೆಚ್ಚಾಯಿತು. ಪೇಟೆಯ ರಸಿಕರು ಅದನ್ನು ತಾವೂ ಕೈಗೆತ್ತಿಕೊಂಡು ಹಳ್ಳಿಯ ಒರಟುತನವನ್ನೇ ಒಂದು ಸೊಗಸೆಂದು ಬಗೆದರು.

ಕಟ್ಟುವ ಕ್ರಮವನ್ನು ಸ್ವಲ್ಪ ಗಮನಿಸಬೇಕು, ಏತಕ್ಕೆಂದರೆ ಕೆತ್ತನೆಯ ಮರ್ಮವೆಲ್ಲ ಅದರಲ್ಲಿದೆ. ಕರಡಿಗೆಯ ಎರಡು ಪಕ್ಕಗಳಿಂದಲೂ ರೇಷ್ಮೆಯ ದಾರದ ಎಳೆಗಳು ಮೇಲೇರುತ್ತವೆ. ಮುಚ್ಚಳವನ್ನು ತೂರಿ ಬಂದು ಕೂಡಿಕೊಳ್ಳುತ್ತವೆ. ಒಜಿಮೆ ಎಂಬ ಒಂದು ಮಣಿಯೊಳಗೆ ಹಾಯುತ್ತವೆ. ಕಡೆಗೆ ನೆತ್ಸುಕೆಯ ತೂತುಗಳಲ್ಲಿ ಗಂಟಾಗುತ್ತವೆ. ದಾರವನ್ನು ನಡುಕಟ್ಟಿನ ಹಿಂದೆ ಹಾಯಿಸಿ ನೆತ್ಸುಕೆಯನ್ನು ಮೇಲಂಚಿನಿಂದ ಹೊರಕ್ಕೆ ಬಿಟ್ಟರೆ ಅದು ಅಡ್ಡವಾಗಿ ನಿಂತು ಕರಡಿಗೆ ಜಾರದಂತೆ ಹಿಡಿಯುತ್ತದೆ. ಮಣಿಯನ್ನು ಕೆಳಕ್ಕೆ ಒತ್ತಿದರೆ ಮುಚ್ಚಳ ಬಿಗಿಯುತ್ತದೆ. ಮೇಲಕ್ಕೆ ಸರಿಸಿದರೆ ಸಡಲುತ್ತದೆ. ಬೀಗವಿಲ್ಲ, ತಿರುಪಿಲ್ಲ, ಕೀಲಿಲ್ಲ. ಇನ್ನೊಂದು ಬಗೆಯಲ್ಲಿ ನೆತ್ಸುಕೆಯೇ ಬೇಡ; ಕೊಳವಿಯ ಒರೆಯನ್ನೇ ನಡುಕಟ್ಟಿಗೆ ಕಠಾರಿಯಂತೆ ಸಿಕ್ಕಿಸಿ, ಅದರ ದಾರಕ್ಕೆ ಕರಡಿಗೆಯನ್ನು ತೂಗಬಿಡುವರು. ಕಿಸೆರುಜುತ್ಸು ಎಂಬ ಈ ಒರೆ ಕೆಲವು ವೇಳೆ ಬಾಯಿ ತೆರೆದ ಒಂದೇ ನಳಿಗೆ. ಕೆಲವು ವೇಳೆ ಒಂದರೊಳಗೊಂದು ಸರಿಯುವ ಎರಡು ನಳಿಗೆಗಳು. ಈ ಎರಡನೆಯ ಬಗೆಯ ಒಳ್ಳೆಯ ಮಾದರಿಗಳಲ್ಲಿ ಎರಡು ತುಂಡುಗಳು ಸೇರುವ ಗೆರೆ ಕೆತ್ತನೆಯಲ್ಲಿ ಅಡಗಿಹೋಗಿರುತ್ತದೆ.

ಈ ಬಳಕೆಯೇ ಕೆತ್ತನೆಗಾರನಿಗೆ ಕಟ್ಟಳೆಯಾಯಿತು. ನಡೆಯುವಾಗ ಕರಡಿಗೆ ಓಲಾಡುತ್ತದೆ, ತಿರುಗುತ್ತದೆ. ಆದ್ದರಿಂದ ಹಿಂದು ಮುಂದು ತಳ ಎಲ್ಲವೂ ನೋಡುವಂತಿರಬೇಕು. ರೇಷ್ಮೆಯ ಉಡುಪಿಗೆ ತಗಲುವುದರಿಂದ ಮೊನೆಯಿರಬಾರದು, ಚಾಚಿದ ಕೈಕಾಲುಗಳಿರಬಾರದು; ಇದ್ದರೆ ಬಟ್ಟೆ ಹರಿಯುತ್ತದೆ, ಇಲ್ಲವೆ ಕೆತ್ತನೆ ಮುರಿಯುತ್ತದೆ. ಕೋತಿಯನ್ನು ಕೆತ್ತಬೇಕಾದರೆ ಕೈಗಳನ್ನು ಮೈಗೆ ಅವುಚಿಸಬೇಕು. ಆಮೆಯನ್ನು ಕೆತ್ತಬೇಕಾದರೆ ತಲೆಯನ್ನು ಚಿಪ್ಪಿನೊಳಗೆ ಎಳೆಯಿಸಬೇಕು. ನಮ್ಮ ದೇವಾಲಯಗಳ ಶಿಲ್ಪಿ ತನ್ನ ವಿಗ್ರಹವನ್ನು ಎಲ್ಲಿ ನಿಲ್ಲಿಸುವುದೆಂದು ಬಲ್ಲನು. ತೊಂಕೊತ್ಸುವಿನ ಶಿಲ್ಪಿಗೆ ತನ್ನದು ದಿನಕ್ಕೆ ಹತ್ತಾರು ಸಾರಿ ಅಂಗೈಯಲ್ಲಿ ಹೊರಳುತ್ತದೆಂಬುದು ಗೊತ್ತು. ಅವನು ಕಣ್ಣಿಗೆ ಮಾತ್ರವಲ್ಲದೆ ಬೆರಳಿಗೂ ಕೆತ್ತಿದನು. ವರ್ಷಗಟ್ಟಲೆ ಕೈಯಾಡಿ, ಎತ್ತರದ ಭಾಗಗಳು ನುಣುಪಾಗಿ ಬಣ್ಣ ತಿರುಗಿದ ಮೇಲೆಯೇ ಕರಡಿಗೆ ತನ್ನ ಪೂರ್ಣ ರೂಪಕ್ಕೆ ಬರುತ್ತದೆ.

ಮರಗಳ ಆಯ್ಕೆಯೂ ಸ್ವಾರಸ್ಯವಾದದ್ದು. ನೆತ್ಸುಕೆಗೆ ಪ್ರಿಯವಾದದ್ದು ತ್ಸುಗೆ ಎಂಬ ಹಳದಿ ಬಣ್ಣದ ಗಟ್ಟಿ ಮರ. ಅದರ ಎಳೆ ಬಹಳ ನಯವಾದ್ದರಿಂದ ಕೂದಲನ್ನೂ ಕೊರೆಯಬಹುದು. ಕರಡಿಗೆಗಳಿಗೆ ಇದಲ್ಲದೆ ಕರಿಮರ, ಬೀಟೆ, ಬಗೆಬಗೆಯ ಗಂಟುಮರ. ಹಿದ ಸೀಮೆಯ ತಕಯಾಮದಲ್ಲಿ ಮತ್ಸುದ ಸುಕೆನಗ ಎಂಬಾತನು 19ನೆಯ ಶತಮಾನದಲ್ಲಿ ಇಚಿಯಿ ಎಂಬ ಕೆಂಪುಮರದಲ್ಲಿ ಉಳಿಯ ಏಟುಗಳನ್ನು ಉಜ್ಜಿ ಅಳಿಸದೆ ಹಾಗೆಯೇ ಉಳಿಸುವ ಒಂದು ಸಂಪ್ರದಾಯವನ್ನು ಹಾಕಿಕೊಟ್ಟನು. ಅದು ಆ ಊರಿನಲ್ಲಿ ಇಂದಿಗೂ ನಡೆದುಬಂದಿದೆ. ಎಲ್ಲಕ್ಕಿಂತ ವಿಚಿತ್ರವಾದದ್ದು ಕುರೊಗಾಕಿ. ಇದು ಕಾಕಿ ಎಂಬ ಹಣ್ಣಿನ ಮರ. ಮುದಿಯಾದ ಕೆಲವೇ ಮರಗಳ ಒಡಲಿನಲ್ಲಿ ಕಪ್ಪು ಮೂಡಿ, ತಿಳಿಬಣ್ಣದ ಮೇಲೆ ಮಸಿಯಿಂದ ಬೆಟ್ಟಗಳನ್ನು ಬರೆದಂತೆ ಕಾಣುತ್ತದೆ. ಅಂಥ ತುಂಡು ಸಿಕ್ಕಿದಾಗ ಜಾಣ ಕುಶಲಿ ಕೆತ್ತನೆಯನ್ನೇ ಕಡಮೆ ಮಾಡಿ ಮರವನ್ನು ಮಾತನಾಡಲು ಬಿಡುತ್ತಿದ್ದನು. ಬೀಡಿಗೆ ಎಲೆ ಕೊಡುವ ನಮ್ಮ ತೂಬರೆಯೂ ಈ ಕಾಕಿಯೂ ಸಸ್ಯಶಾಸ್ತ್ರದಲ್ಲಿ ಒಂದೇ ಕುಲಕ್ಕೆ ಸೇರಿದುವು. ಇಲ್ಲಿ ಎಲೆ, ಅಲ್ಲಿ ಮರ. ಎರಡೂ ಹೊಗೆಸೊಪ್ಪಿನ ಊಳಿಗಕ್ಕೇ ಬಿದ್ದುವು.

ಆಕಾರಗಳನ್ನು ಎಣಿಸಹೊರಟರೆ ಮುಗಿಯದು. ಸೋರೆಬುರುಡೆ, ಅಣಬೆ, ಆಮೆ, ಮಠಗಳಲ್ಲಿ ಬಡಿಯುವ ಮರದ ಮೀನುಗಂಟೆ. ಕಾಂಚಿಯ ಕಡೆಯಿಂದ ಚೀನಕ್ಕೆ ಹೋದನೆಂದು ಐತಿಹ್ಯವಿರುವ ಬೋಧಿಧರ್ಮನಂತೂ ದಾರುಮ ಎಂಬ ಹೆಸರಿನಲ್ಲಿ ಈ ಕರಡಿಗೆಗಳ ಮೇಲೆ ಹುಬ್ಬು ಗಂಟಿಕ್ಕಿ ಕುಳಿತಿದ್ದಾನೆ. ಒಂಬತ್ತು ವರ್ಷ ಗೋಡೆಯನ್ನು ನೋಡುತ್ತ ಧ್ಯಾನ ಮಾಡಿದ ಮಹಾನುಭಾವನ ಹೊಟ್ಟೆಯಲ್ಲಿ ಹೊಗೆಸೊಪ್ಪನ್ನು ತುಂಬಿಡುವುದು ಅಪಚಾರವೆಂದು ನಮಗೆ ತೋರಬಹುದು. ಜಪಾನೀಯರಿಗೆ ಅದು ಸಲಿಗೆ. ಅವರ ಕಲೆಯಲ್ಲಿ ಭಕ್ತಿಯೂ ನಗೆಯೂ ಒಂದೇ ಚಾಪೆಯ ಮೇಲೆ ಕೂರುತ್ತವೆ.

ಒಳ್ಳೆಯ ಜೋಡಣೆಯಲ್ಲಿ ಕರಡಿಗೆ, ಮಣಿ, ಗುಂಡಿ ಮೂರೂ ಕೂಡಿ ಒಂದು ಅರ್ಥವನ್ನು ಹೇಳುತ್ತವೆ. ಕರಡಿಗೆ ಬಾಡಿದ ತಾವರೆಯ ಎಲೆ ಎಂದಿಟ್ಟುಕೊಳ್ಳಿ. ಮಣಿ ಒಂದು ಬಸವನಹುಳು. ನೆತ್ಸುಕೆ ಒಂದು ಕಪ್ಪೆ. ನಡುವಿನಲ್ಲಿ ತೂಗುವಾಗ ಕಪ್ಪೆ ಮೇಲೆ, ಎಲೆ ಕೆಳಗೆ, ನಡುವೆ ದಾರದಲ್ಲಿ ಹುಳು. ಒಂದು ಕೊಳವೇ ಮನುಷ್ಯನ ಮಗ್ಗುಲಲ್ಲಿ ನಡೆದುಹೋಗುತ್ತದೆ. ಇಂಥ ಜೋಡಣೆಯನ್ನು ಯೋಜಿಸುತ್ತಿದ್ದವರು ಬಹುಮಟ್ಟಿಗೆ ಚೀಲದಂಗಡಿಯ ವರ್ತಕರು. ಮರದವನಿಂದ ಮರ, ಲೋಹದವನಿಂದ ಲೋಹ, ದಾರದವನಿಂದ ದಾರ ಇವನ್ನು ತರಿಸಿ ಕೊಳ್ಳುವವನ ಅಭಿರುಚಿಗೆ ತಕ್ಕಂತೆ ಕೂಡಿಸುವುದು ಅವರ ಕಸಬು. ಕೊಳ್ಳುವವರು ಎದೋ, ಒಸಾಕ ಮೊದಲಾದ ಪಟ್ಟಣಗಳ ವರ್ತಕರು, ಕುಶಲಕರ್ಮಿಗಳು. ಸರಕಾರದ ಕಟ್ಟುಪಾಡುಗಳಿಂದ ಅವರಿಗೆ ಬೆಡಗಿನ ಉಡುಪು ನಿಷಿದ್ಧವಾಗಿತ್ತು, ಕೈಯಲ್ಲಿ ಹಣವಿತ್ತು. ಉಡುಪಿನಲ್ಲಿ ತೋರಿಸಲಾಗದ ಸಿರಿಯನ್ನು ಅಂಗೈಯಗಲದ ಕರಡಿಗೆಯಲ್ಲಿ ತೋರಿಸಿದರು.

ಕೆತ್ತಿದವರ ಹೆಸರು? 1781ರಲ್ಲಿ ಒಸಾಕದ ಇನಾಬ ತ್ಸೂರ್ಯೂ ಎಂಬಾತನು ಏಳು ಸಂಪುಟಗಳ ಒಂದು ಗ್ರಂಥವನ್ನು ಹೊರತಂದನು. ಅದರ ಮುಖ್ಯ ವಿಷಯ ಕತ್ತಿಯ ಅಲಂಕಾರ. ಕಡೆಯ ಸಂಪುಟದಲ್ಲಿ ಐವತ್ತಕ್ಕೂ ಮಿಕ್ಕಿ ನೆತ್ಸುಕೆಯ ಕುಶಲಿಗಳನ್ನು ಹೆಸರಿಸಿದ್ದಾನೆ. ತಾಂಬ ಸೀಮೆಯ ತೊಯೊಮಸ, ತ್ಸು ಊರಿನ ಮಿಂಕೊ ಮೊದಲಾದವರ ಮರದ ನೆತ್ಸುಕೆಗಳಿಗೆ ಇಂದು ಹರಾಜಿನಲ್ಲಿ ಭಾರಿ ಬೆಲೆ. ತೊಂಕೊತ್ಸುಗಳಾದರೋ ಬಹುಪಾಲು ಅಂಕಿತವಿಲ್ಲದವು. ಬಿಡುವಿನ ವೇಳೆಯಲ್ಲಿ ರೈತನೋ ಬಡಗಿಯೋ ತನಗಾಗಿ ಕೆತ್ತಿಕೊಂಡವೂ ಅವುಗಳಲ್ಲಿ ಇರಲೇಬೇಕು. ಕೆಲವು ಕರಡಿಗೆಗಳ ಅರೆಕುಶಲತೆಯಲ್ಲಿಯೇ ಎಷ್ಟೋ ಜೀವವಿದೆ. ಹೆಸರಿಲ್ಲವೆಂಬ ಕಾರಣಕ್ಕೆ ಅವನ್ನು ಕೀಳೆಂದು ಕಾಣುವ ಸಂಗ್ರಾಹಕರೊಡನೆ ನಮಗೆ ಒಪ್ಪಿಗೆಯಿಲ್ಲ.

ಹೆಸರುಳ್ಳವರಲ್ಲಿ ಒಬ್ಬನನ್ನು ಮಾತ್ರ ಬಿಡುವಂತಿಲ್ಲ. ಷಿಬಾತ ಜೇಷಿನ್ (1807–1891) ಮೆರುಗೆಣ್ಣೆಯ ಕಲೆಯಲ್ಲಿ ತನ್ನ ಕಾಲದ ಅಗ್ರಗಣ್ಯ. 1890ರಲ್ಲಿ ಸಾಮ್ರಾಟನ ಆಸ್ಥಾನದ ಕಲಾವಿದನೆಂದು ಮನ್ನಣೆ ಪಡೆದವನು. ಹೊಗೆಸೊಪ್ಪಿನ ಕರಡಿಗೆಗಳನ್ನೂ ಕೊಳವಿಯ ಒರೆಗಳನ್ನೂ ಮಾಡುವುದು ತನ್ನ ಘನತೆಗೆ ಕಡಮೆಯೆಂದು ಅವನು ಎಣಿಸಲಿಲ್ಲ. ಅವನ ಒಂದು ಚಮತ್ಕಾರ ‘ಷಿತಾನ್-ನುರಿ’, ಅಂದರೆ ಬೀಟೆಯಂತೆ ತೋರುವ ಮೆರುಗು. ಅಗ್ಗದ ತಳದ ಮೇಲೆ ಮೆರುಗೆಣ್ಣೆಯನ್ನು ಬಳಿದು, ಬೀಟೆಯ ಎಳೆಗಳನ್ನು ಒಂದೊಂದಾಗಿ ಗೀರಿ, ನಿಜವಾದ ಮರವೆಂದೇ ಕಣ್ಣು ಮೋಸಹೋಗುವಂತೆ ಮಾಡುತ್ತಿದ್ದನು. ಕೈಗೆತ್ತಿಕೊಂಡಾಗ ತೂಕ ಕಡಮೆಯೆನಿಸಿ ಗುಟ್ಟು ಹೊರಬೀಳುತ್ತದೆ. ಕೊಂಡವನು ನೆಂಟರಿಷ್ಟರ ಕೈಗೆ ಕೊಟ್ಟು ಅವರ ಮುಖವನ್ನು ನೋಡುತ್ತಿದ್ದಿರಬೇಕು.

1868ರಲ್ಲಿ ಷೋಗುನರ ಆಳ್ವಿಕೆ ಕೊನೆಗೊಂಡು ಮೇಯಿಜಿ ಯುಗ ಮೊದಲಾಯಿತು. ಆರಂಭದಲ್ಲಿ ಈ ಕಲೆಗೆ ಲಾಭವೇ ಆಯಿತು. 1876ರಲ್ಲಿ ಸಾಮುರಾಯಿಗಳು ಕತ್ತಿ ಧರಿಸುವುದನ್ನು ನಿಷೇಧಿಸಿದಾಗ, ಕತ್ತಿಯ ಹಿಡಿಗೂ ತಟ್ಟೆಗೂ ಚಿನ್ನ ಬೆಳ್ಳಿಯ ಕೆಲಸ ಮಾಡುತ್ತಿದ್ದ ಲೋಹಶಿಲ್ಪಿಗಳು ಅನ್ನ ಹುಡುಕಿಕೊಂಡು ಕೊಳವಿಯ ಬಟ್ಟಲಿಗೂ ಚೀಲದ ಪಟ್ಟಿಗೂ ಬಂದರು. ಆ ಕೆಲವು ದಶಕಗಳ ಸಾಮಗ್ರಿಯಲ್ಲಿ ಲೋಹದ ಕೆಲಸ ಬೆರಗುಗೊಳಿಸುವಂಥದು. ಅಷ್ಟರಲ್ಲಿ ಪೇಟೆಗೆ ಕೋಟು ಷರಾಯಿಗಳು ಬಂದುವು, ಅವುಗಳಿಗೆ ಕಿಸೆಗಳಿದ್ದುವು. 1891ರಲ್ಲಿ ಕ್ಯೋತೊವಿನ ಮುರಾಯಿ ಸಹೋದರರು ‘ಸನ್‌ರೈಸ್’ ಎಂಬ ಸಿಗರೇಟನ್ನು ಮಾರತೊಡಗಿದರು. 1904ರಲ್ಲಿ, ರಷ್ಯದೊಡನೆ ಯುದ್ಧ ನಡೆಯುತ್ತಿದ್ದಾಗ, ಸರಕಾರ ಹೊಗೆಸೊಪ್ಪಿನ ತಯಾರಿಕೆಯನ್ನೆಲ್ಲ ತನ್ನ ಏಕಸ್ವಾಮ್ಯಕ್ಕೆ ತೆಗೆದುಕೊಂಡಿತು. ಆ ಏಕಸ್ವಾಮ್ಯ 1985ರವರೆಗೆ ನಡೆಯಿತು. ಕಾಗದದ ಪೊಟ್ಟಣದಲ್ಲಿ ಸಿದ್ಧವಾಗಿ ಬರುವ ಸಿಗರೇಟಿಗೆ ಕರಡಿಗೆ ಬೇಡ, ಒರೆ ಬೇಡ, ಗುಂಡಿ ಬೇಡ.

ಬೇಡವಾದ ವಸ್ತುವಿಗೆ ಪರದೇಶದಲ್ಲಿ ಗಿರಾಕಿ ಹುಟ್ಟಿದನು. 1867ರ ಪ್ಯಾರಿಸ್ ಪ್ರದರ್ಶನ, 1873ರ ವಿಯೆನ್ನ ಪ್ರದರ್ಶನಗಳ ಮೇಲೆ ಯೂರೋಪಿಗೆ ಜಪಾನಿನ ಹುಚ್ಚು ಹಿಡಿದಿತ್ತು. ಆದರೆ ಅಲ್ಲಿನ ಸಂಗ್ರಾಹಕನ ಕಣ್ಣು ಹೆಚ್ಚಾಗಿ ಬಿದ್ದದ್ದು ನೆತ್ಸುಕೆಯ ಮೇಲೆ. ಅದು ಗಾಜಿನ ಬೀರುವಿನಲ್ಲಿ ಸಾಲಾಗಿ ಇಡಲು ಅನುಕೂಲ. ಅದನ್ನು ಪುಟ್ಟ ಪ್ರತಿಮೆಯೆಂದು ಕರೆಯಬಹುದು. ಹೊಗೆಯ ವಾಸನೆಯ ಕರಡಿಗೆಯನ್ನು ಏನೆಂದು ಕರೆಯುವುದು? ವ್ಯಾಪಾರಿಗಳು ದಾರವನ್ನು ಕತ್ತರಿಸಿ ಗುಂಡಿಯನ್ನು ಒಂದು ಕಡೆಗೆ, ಮಣಿಯನ್ನು ಒಂದು ಕಡೆಗೆ, ಕರಡಿಗೆಯನ್ನು ಇನ್ನೊಂದು ಕಡೆಗೆ ಮಾರಿದರು. ಕಪ್ಪೆ ಲಂಡನ್ನಿಗೆ ಹೋಯಿತು. ಎಲೆ ತೋಕ್ಯೋವಿನ ಹಳೆಯ ಸಾಮಾನಿನ ಅಂಗಡಿಯಲ್ಲಿ ಉಳಿಯಿತು. ಹೀಗೆ ಬಿಡಿಸಿದ ಜೋಡಣೆಗಳನ್ನು ಮತ್ತೆ ಕೂಡಿಸಲು ದಾರಿಯಿಲ್ಲ, ಯಾವುದು ಯಾವುದರ ಜೊತೆಗಿತ್ತೆಂದು ಯಾರೂ ಬರೆದಿಡಲಿಲ್ಲವಾದ್ದರಿಂದ. ಇಂದು ‘ಪೂರ್ಣ ಜೋಡಣೆ’ ಎಂದು ಮಾರಾಟಕ್ಕೆ ಬರುವುವುಗಳಲ್ಲಿ ಎಷ್ಟೋ ಈಚೆಗೆ ಹೊಸ ದಾರದಿಂದ ಮಾಡಿದ ಮದುವೆಗಳು. ಮೋಸವೆನ್ನುವಂತಿಲ್ಲ, ಹಳೆಯ ಚೀಲದಂಗಡಿಯವನೂ ಬಿಡಿಬಿಡಿಯನ್ನೇ ಕೂಡಿಸುತ್ತಿದ್ದನಲ್ಲ. ಆದರೆ ಅವನ ಕಣ್ಣು ಎಲ್ಲರಿಗೂ ಇರುವುದಿಲ್ಲ.

ತೋಕ್ಯೋವಿನಲ್ಲಿ ಹೊಗೆಸೊಪ್ಪು ಮತ್ತು ಉಪ್ಪು ಎರಡನ್ನೇ ವಿಷಯವಾಗುಳ್ಳ ಒಂದು ವಸ್ತುಸಂಗ್ರಹಾಲಯವಿದೆ. ಎರಡೂ ಸರಕಾರದ ಏಕಸ್ವಾಮ್ಯದಲ್ಲಿದ್ದ ಕಾರಣ ಈ ವಿಚಿತ್ರ ಜೋಡಿ. 1978ರಲ್ಲಿ ಷಿಬುಯದಲ್ಲಿ ಪ್ರಾರಂಭವಾಗಿ 2015ರಲ್ಲಿ ಸುಮಿದ ಭಾಗಕ್ಕೆ ಸ್ಥಳಾಂತರಗೊಂಡಿದೆ. ಆ ನಗರಕ್ಕೆ ಹೋಗುವ ಶ್ರೋತೃಗಳು ಅಲ್ಲಿ ಕೊಳವಿ, ತಟ್ಟೆ, ಚೀಲಗಳನ್ನು ಒಂದೆಡೆ ಕಾಣಬಹುದು.

ಕೊಳ್ಳುವ ಆಸೆಯುಳ್ಳವರಿಗೆ ಒಂದು ಎಚ್ಚರಿಕೆ. ಹೊಸದಕ್ಕೆ ಕಷಾಯ ಬಳಿದು ಹಳೆಯದೆಂದು ಮಾರುವ ವ್ಯಾಪಾರ ಎಲ್ಲ ದೇಶಗಳಲ್ಲಿಯೂ ಇದೆ. ಮುಖದ ಕೆತ್ತನೆಯನ್ನು ಮೊದಲು ನೋಡಬೇಡಿ; ದಾರ ಹಾಯುವ ರಂಧ್ರಗಳನ್ನು ನೋಡಿ. ನಿಜವಾಗಿ ಬಳಸಿದ್ದರೆ ದಾರ ಉಜ್ಜಿದ ಕಡೆ ಅಂಚು ಸವೆದು ದುಂಡಾಗಿರುತ್ತದೆ, ಅದೂ ದಾರ ಎಳೆಯುವ ದಿಕ್ಕಿನಲ್ಲಿ ಮಾತ್ರ. ಕಷಾಯದವನು ಎಲ್ಲ ಕಡೆಗೂ ಒಂದೇ ಸಮನಾಗಿ ಉಜ್ಜಿಬಿಟ್ಟಿರುತ್ತಾನೆ. ನಡುವಿಗೆ ತಗಲುತ್ತಿದ್ದ ಮಗ್ಗುಲು ಎದುರು ಮಗ್ಗುಲಿಗಿಂತ ಹೆಚ್ಚು ನುಣುಪಾಗಿರಬೇಕು. ಆಮೇಲೆ ಮುಚ್ಚಳವನ್ನು ಎತ್ತಿ ಒಳಗನ್ನು ನೋಡಿ. ಅಲ್ಲಿ ಬಣ್ಣ ಹಚ್ಚುವ ಶ್ರಮವನ್ನು ಕಳ್ಳ ಕುಶಲಿ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಹಳೆಯ ಕರಡಿಗೆಯಾದರೆ ಮೂಲೆಗಳಲ್ಲಿ ಸೊಪ್ಪಿನ ಕಂದು ಪುಡಿ ಇನ್ನೂ ಅಂಟಿಕೊಂಡಿರುವುದುಂಟು.